ಕೋಳಿ ಸುಲಭ, ಸೊಪ್ಪು ಕಷ್ಟ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಯಾರೂ ಬಾಡು ಬಿಟ್ಟಿಲ್ಲ. ಬಿಡುವ ಯೋಚನೆಯೂ ಇಲ್ಲ. ನಾವು ಮದ್ದೂರು ಕಡೆಯವರು. ಬನ್ನೂರು ಕುರಿ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ಕೈಮ ಉಂಡೆ ಅಂತ ಮಾತು ಶುರುವಾದರೆ ನಿಲ್ಲುವುದೇ ಇಲ್ಲ. ಬೆಂಗಳೂರಿಗೆ ಬಂದು ವರ್ಷಗಳೇ ಆದರೂ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಊರಿಗೆ ಹೋಗುವುದು ತಪ್ಪಿಲ್ಲ. ಅದರಲ್ಲಿ ಏನೂ ಬದಲಾಗಿಲ್ಲ. ಬದಲಾಗಿರುವುದು ವಾರದ ಉಳಿದ ದಿನಗಳು, ಅಲ್ಲಿ ಕೋಳಿ ಕಡಿಮೆಯಾಗಿ ಸೊಪ್ಪು ಕಾಳು ಬಂದಿದೆ. ಮಂಗಳವಾರ ರಾತ್ರಿ, ಬುಧವಾರ ಮಧ್ಯಾಹ್ನದ ಡಬ್ಬಿ, ಗುರುವಾರ ಎಲ್ಲರೂ ಸುಸ್ತಾಗಿ ಬಂದು ಕೂರುವ ಹೊತ್ತು, ಇಂಥವು.

ಶುರುವಾಗಿದ್ದು ನಮ್ಮ ಯಜಮಾನರ ಕಾಲಿನ ಹೆಬ್ಬೆರಳಿಂದ. ಒಂದು ರಾತ್ರಿ ಬೆರಳು ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಚೀರುವಂತಾಯಿತು. ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ಜಾಸ್ತಿ. ಗೌಟ್ ಅಂದರು ಡಾಕ್ಟರು. ಈಲಿ (ಲಿವರ್), ಬೋಟಿ (ಕರುಳು) ಬಿಡಿ, ಮಾಂಸ ಕಡಿಮೆ ಮಾಡಿ, ಬಿಯರ್ ಮುಟ್ಟಬೇಡಿ, ನೀರು ಕುಡಿಯಿರಿ. ಮಾತ್ರೆ ಬರೆದರು. ಹೊರಗೆ ಬಂದವರೇ ಇವರು ಹೇಳಿದ್ದು, "ಕೋಳಿ ಬಗ್ಗೆ ಏನೂ ಹೇಳ್ಲಿಲ್ಲ ಅಲ್ವಾ?"

ಕೋಳಿಯೂ ಮಾಂಸವೇ ಅಂತ ಅವರಿಗೆ ಅರ್ಥ ಮಾಡಿಸುವುದು ಆಮೇಲಿನ ಮಾತು. ಆದರೆ ಆ ಪ್ರಶ್ನೆಯಿಂದ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಮನೆಯಲ್ಲಿ ಕೋಳಿ ಬಾಡೂಟವಾಗಿ ಉಳಿದೇ ಇರಲಿಲ್ಲ. ಅದು ದಿನದ ತರಕಾರಿ ಆಗಿಬಿಟ್ಟಿತ್ತು. ಭಾನುವಾರ ಮಟನ್ ಅಂದರೆ ಅದಕ್ಕೊಂದು ಸಡಗರ ಇರುತ್ತದೆ. ಬೆಳಗ್ಗೆ ಏಳಕ್ಕೇ ಅಂಗಡಿ ಮುಂದೆ ನಿಲ್ಲಬೇಕು, ತೊಡೆಯದು ಕೊಡಿ, ಪಕ್ಕೆಲುಬು ಸೇರಿಸಿ ಅಂತ ಹೇಳಬೇಕು. ಕೋಳಿಗೆ ಇದ್ಯಾವುದೂ ಇಲ್ಲ. ಫೋನ್ ಒತ್ತಿದರೆ ಅರ್ಧ ಗಂಟೆಯಲ್ಲಿ ತೊಳೆದು, ತುಂಡು ಮಾಡಿದ್ದು ಬಾಗಿಲಿಗೆ ಬರುತ್ತದೆ. ಕುಕ್ಕರಿಗೆ ಈರುಳ್ಳಿ, ಟೊಮೊಟೊ, ಪ್ಯಾಕೆಟ್ ಮಸಾಲೆ, ಎರಡು ವಿಷಲ್. ಅಷ್ಟೇ. ಬ್ರಾಯ್ಲರ್ ಕೋಳಿ ಆರು ವಾರಕ್ಕೇ ಎರಡು ಕೆ.ಜಿ. ತೂಗುತ್ತದೆ. ಅಷ್ಟು ಬೇಗ ಬೆಳೆದದ್ದು ಅಷ್ಟೇ ಬೇಗ ಬೇಯುತ್ತದೆ. ಕುರಿ ಮಾಂಸ ಕೆ.ಜಿ.ಗೆ 800 ರೂಪಾಯಿ ಆಸುಪಾಸು ಇದ್ದರೆ ಕೋಳಿ ಅದರ ಮೂರನೇ ಒಂದು ಪಾಲಿಗೆ ಸಿಗುತ್ತದೆ.

ಇದರ ಪಕ್ಕ ಒಂದು ಕಟ್ಟು ಕೀರೆ ಸೊಪ್ಪನ್ನು ಇಟ್ಟು ನೋಡಿ. ಬಿಡಿಸಬೇಕು. ಹುಳ ಬಿದ್ದ ಎಲೆ, ಹಳದಿ ಎಲೆ ತೆಗೆಯಬೇಕು. ಮೂರು ನೀರಿನಲ್ಲಿ ಮಣ್ಣು ಹೋಗುವ ತನಕ ತೊಳೆಯಬೇಕು. ಹೆಚ್ಚಬೇಕು. ಕಾಳು ಹಿಂದಿನ ರಾತ್ರಿಯೇ ನೆನೆಹಾಕಿರಬೇಕು. ಕಾಯಿ ತುರಿಯಬೇಕು. ಇಷ್ಟೆಲ್ಲ ಮಾಡಿ ಬಡಿಸಿದ ಮೇಲೆ ಮಗ ಬಗ್ಗಿ ನೋಡಿ, "ಇವತ್ತು ಏನೂ ಇಲ್ವಾ?" ಅನ್ನುತ್ತಾನೆ.

ಮಾಂಸ ಕಡಿಮೆ ಮಾಡುವುದು ಅಂದರೆ ನಾಲಿಗೆಯನ್ನು ಹದ್ದುಬಸ್ತಿನಲ್ಲಿ ಇಡುವುದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ನಾನು ಕಂಡದ್ದು ಬೇರೆ. ನಾಲಿಗೆ ತಕರಾರು ಮಾಡಲೇ ಇಲ್ಲ. ತಕರಾರು ಇದ್ದದ್ದು ಕೈಯದು, ಹೊತ್ತಿನದು. ಸೊಪ್ಪು ಬಿಡಿಸುವವರು ಯಾರು ಅನ್ನುವುದು ತೀರ್ಮಾನವಾಗದೆ ಯಾವ ಮನೆಯಲ್ಲೂ ಬಾಡು ಕಡಿಮೆಯಾಗುವುದಿಲ್ಲ.

ಹಾಗೆ ನೋಡಿದರೆ ಮಾಂಸವಿಲ್ಲದ ದಿನಗಳು ನಮಗೇನು ಹೊಸದಲ್ಲ. ಸೋಮವಾರ ಮಂಜುನಾಥನಿಗೆ, ಶನಿವಾರ ತಿಮ್ಮಪ್ಪನಿಗೆ. ಶ್ರಾವಣ ಪೂರ್ತಿ ಇಲ್ಲ. ಕಾರ್ತಿಕದಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ದೇವರ ಹೆಸರು ಹೇಳಿದರೆ ಮಗನೂ ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ಆ ದಿನಗಳಲ್ಲಿ ನಾವು ಮಾಡುತ್ತಿದ್ದದ್ದೇನು? ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ, ಹಪ್ಪಳ. ತೀರಾ ಬೇಜಾರಾದರೆ ಚಿತ್ರಾನ್ನ. ಬಾಡಿಲ್ಲದ ದಿನ ಅಂದರೆ ಶಿಕ್ಷೆಯ ದಿನ ಅನ್ನುವ ಹಾಗೆ ಅಡುಗೆ. ಬೆಳ್ಳುಳ್ಳಿ, ಚಕ್ಕೆ, ಲವಂಗ, ಗಸಗಸೆ, ಕಾಯಿ ಎಲ್ಲ ಭಾನುವಾರಕ್ಕೆ ಮೀಸಲು. ಸೋಮವಾರಕ್ಕೆ ಉಪ್ಪು, ಹುಳಿ, ಒಗ್ಗರಣೆ.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವರು ನಮ್ಮ ಅತ್ತೆ. ವಾರದಲ್ಲಿ ಇನ್ನೆರಡು ದಿನ ಕೋಳಿ ಬೇಡ ಅಂತ ನಾನು ಮಾತು ತೆಗೆದಾಗ ಮೊದಲು ಅವರಿಗೆ ಸಿಟ್ಟೇ ಬಂತು. "ನಾವೇನ್ ಐನೋರಾಗ್ಬೇಕಾ ಈಗ?" ಅಂದರು. ಮಗನ ಕಾಲಿನ ವಿಷಯ ಹೇಳಿದ ಮೇಲೆ ಸ್ವಲ್ಪ ತಣ್ಣಗಾಗಿ, ನಾನು ಮಾಡಿಟ್ಟಿದ್ದ ಹೆಸರುಕಾಳಿನ ಸಾರನ್ನು ಸೌಟಿನಲ್ಲಿ ಎತ್ತಿ ಸುರಿದು ನೋಡಿದರು. "ಮಸಾಲೆ ಎಲ್ಲಾ ಕೋಳಿಗೇ ಸುರ್ದ್‌ಬುಟ್ಟು, ಕಾಳಿಗೆ ಬರೀ ಉಪ್ಪುನೀರು ಹಾಕುದ್ರೆ ಯಾರ್ ತಿಂದಾರು ಕಣವ್ವ?"

ಅವರ ಕಾಲದ ಲೆಕ್ಕ ಕೇಳಿದರೆ ಇನ್ನೂ ಮಜವಾಗಿದೆ. ಅವರು ಮದುವೆಯಾಗಿ ಬಂದಾಗ ಊರಲ್ಲಿ ಬಾಡು ಅಂದರೆ ಹಬ್ಬಕ್ಕೆ, ಜಾತ್ರೆಗೆ, ಹಿರಿಯರ ಎಡೆಗೆ, ನೆಂಟರು ಬಂದರೆ. ಮನೆಯ ಹುಂಜ ಕೊಯ್ಯುವುದು ಅಳಿಯ ಬಂದಾಗ. ನಾಲ್ಕಾರು ಮನೆಯವರು ಸೇರಿ ಒಂದು ಕುರಿ ತಂದು ಕೊಯ್ದು, ಮುತ್ತುಗದ ಎಲೆಯ ಮೇಲೆ ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಪ್ರತಿ ಗುಡ್ಡೆಯಲ್ಲೂ ಈಲಿಯ ಒಂದು ತುಣುಕು, ಮೂಳೆ, ಕೊಬ್ಬು, ಮೆತ್ತನೆಯದು ಎಲ್ಲ ಇರಬೇಕು. ಇಲ್ಲದಿದ್ದರೆ ಜಗಳ. ಹೊಸತೊಡಕಿನ ಚೀಟಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಯುಗಾದಿಗೆ ಗುಡ್ಡೆ ತೆಗೆದುಕೊಳ್ಳುವುದು ಈಗಲೂ ಇದೆ. ಉಳಿದ ದಿನವೆಲ್ಲ ಮುದ್ದೆ, ಉಪ್ಸಾರು, ಬಸ್ಸಾರು, ಮಸೊಪ್ಪು, ಹುರುಳಿ ಕಟ್ಟಿನ ಸಾರು. ಮುದ್ದೆ ಉಣ್ಣುವ ಊರಿನ ಸಾರುಗಳಿವು. ಮುದ್ದೆಯನ್ನು ಅಗಿಯುವ ಹಾಗಿಲ್ಲ, ಅದ್ದಿ ನುಂಗಬೇಕು. ಅದಕ್ಕೆ ಸಾರು ತೆಳುವಾಗಿರಬೇಕು, ಖಾರ ಮುಂದಿರಬೇಕು. ಬಡತನ ಇತ್ತು, ಅದನ್ನು ಹೊಗಳಿ ಹಾಡುವುದು ನನಗೆ ಇಷ್ಟವಿಲ್ಲ. ಅತ್ತೆಗೂ ಇಷ್ಟವಿಲ್ಲ. "ಆಗ ತಿನ್ನಾಕೆ ಇರ್ಲಿಲ್ಲ, ಈಗ ಅದೆ, ತಿಂತೀವಿ" ಅನ್ನುವುದು ಅವರ ನೇರ ಮಾತು. ಆದರೆ ಬಾಡಿಲ್ಲದ ಊಟವನ್ನು ಗಟ್ಟಿಯಾಗಿ, ಖಾರವಾಗಿ ಮಾಡುವ ವಿದ್ಯೆ ಅವರ ಕೈಯಲ್ಲಿತ್ತು. ನಾವು ಬೆಂಗಳೂರಿನ ಅಡುಗೆಮನೆಯಲ್ಲಿ ಅದನ್ನು ಮೂಲೆಗೆ ತಳ್ಳಿದ್ದೆವು.

ನಾವು ಮಾಡಿದ ಮೊದಲ ಬದಲಾವಣೆ ಇಷ್ಟೇ. ಮಟನ್ ಸಾರಿನ ಮಸಾಲೆಯನ್ನು ಹಾಗೇ ಎತ್ತಿ ಕಾಳಿಗೆ ಹಾಕಿದೆವು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಚಿಟಿಕೆ ಗಸಗಸೆ, ಕಾಯಿ, ಧನಿಯ, ಖಾರದ ಪುಡಿ, ಕೊನೆಗೆ ಒಂದು ಹಿಡಿ ಕೊತ್ತಂಬರಿ ಮತ್ತು ನಾಲ್ಕು ಎಲೆ ಪುದಿನ. ಅದೇ ಮಸಾಲೆಯಲ್ಲಿ ಮೊಳಕೆ ಬಂದ ಹುರುಳಿ, ಜೊತೆಗೆ ಬದನೆಕಾಯಿ, ಆಲೂಗಡ್ಡೆ. ಕುದಿಯುವಾಗ ಮನೆಯೆಲ್ಲ ಭಾನುವಾರದ ವಾಸನೆ. ಮಗ ಕೋಣೆಯಿಂದ ಹೊರಗೆ ಬಂದ. ಪಾತ್ರೆ ನೋಡಿ ಸ್ವಲ್ಪ ಮುಖ ಸಣ್ಣದು ಮಾಡಿದ, ಆದರೆ ಎರಡನೇ ಮುದ್ದೆ ಹಾಕಿಸಿಕೊಂಡ. ಒಂದು ಸಣ್ಣ ಮಾತು: ಹುರುಳಿ ಬೇಯಲು ಹೊತ್ತು ಹಿಡಿಯುತ್ತದೆ. ಮೊಳಕೆ ಕಟ್ಟಿದ್ದಾದರೆ ಬೇಗ ಬೇಯುತ್ತದೆ, ಹೊಟ್ಟೆಗೂ ಹಗುರ. ಸೋಮವಾರ ಬೆಳಗ್ಗೆ ನೆನೆಹಾಕಿ ರಾತ್ರಿ ಬಟ್ಟೆ ಕಟ್ಟಿದರೆ ಬುಧವಾರ ಮೊಳಕೆ ರೆಡಿ. ಇದೊಂದು ಅಭ್ಯಾಸವಾದರೆ ವಾರದ ನಡುವಿನ ಒಂದು ಕೋಳಿ ತಾನಾಗಿಯೇ ಬಿದ್ದುಹೋಗುತ್ತದೆ.

ಅವರೆಕಾಯಿ ಕಾಲದಲ್ಲಿ ಇನ್ನೂ ಸುಲಭ. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯ ಅವರೆ ಬಂದಾಗ ನಮ್ಮ ಮನೆಯಲ್ಲಿ ಬಾಡಿನ ಮಾತೇ ಕಡಿಮೆ. ಸೊಗಡಿರುವ ಕಾಯಿ ಮುಟ್ಟಿದರೆ ಬೆರಳು ಅಂಟುತ್ತದೆ, ಆ ವಾಸನೆ ಸೋಪಿಗೂ ಹೋಗುವುದಿಲ್ಲ. ಹಿತಕಿದ ಬೇಳೆಯ ಸಾರಿಗೆ ನಮ್ಮ ಕಡೆ ಮೊದಲಿಂದಲೂ ಮಾಂಸದ ಸಾರಿನ ಮಸಾಲೆಯೇ. ಕಾಳು ರಾತ್ರಿ ನೆನೆಸಿ, ಬೆಳಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿತಕಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಮ್ಮೊಮ್ಮೆ ಬಟ್ಟಲು ಬಿಟ್ಟು ಟಿವಿ ಕಡೆಗೂ ಹೋಗುತ್ತದೆ. ಎರಡು ಕೆ.ಜಿ. ಕಾಯಿ ಬಿಡಿಸಿ ಹಿತಕಿದರೆ ಮನೆಮಂದಿಗೆ ಒಂದು ಹೊತ್ತಿನ ಸಾರು, ಅಷ್ಟೇ. ಮಾರ್ಕೆಟ್ಟಿನಲ್ಲಿ ಹಿತಕಿದ್ದೇ ಸಿಗುತ್ತದೆ, ದುಬಾರಿ. ಕೂತು ಹಿತಕುವವರ ಕೂಲಿ ಲೆಕ್ಕ ಹಾಕಿದರೆ ದುಬಾರಿಯಲ್ಲ ಅನ್ನಿಸುತ್ತದೆ.

ಕೂಲಿ ಅಂದೆ ಅಲ್ವಾ. ನಮ್ಮ ಮನೆಯ ನಿಜವಾದ ಮಾತುಕತೆ ನಡೆದದ್ದು ಅಲ್ಲೇ. ಸೊಪ್ಪು, ಕಾಳು ಅಂತ ನಾನು ದೊಡ್ಡ ಯೋಜನೆ ಹಾಕಿದರೆ ಅದರ ಕೆಲಸವೆಲ್ಲ ನನ್ನ ಮತ್ತು ಅತ್ತೆಯ ಮೈಮೇಲೆ. ಕೋಳಿ ಮಾಡುವ ದಿನ ನಾನು ಅಡುಗೆಮನೆಯಲ್ಲಿ ಮುಕ್ಕಾಲು ಗಂಟೆ ಇದ್ದರೆ ಬಸ್ಸಾರಿನ ದಿನ ಅದರ ಎರಡರಷ್ಟು. ಗಂಡಸರ ಆರೋಗ್ಯಕ್ಕೆ ಹೆಂಗಸರ ಬೆನ್ನು ಬೀಳಬೇಕಾ? ನಾನು ಕೇಳಿಯೇಬಿಟ್ಟೆ. ಇವರು ಎರಡು ದಿನ ಸುಮ್ಮನಿದ್ದರು. ಆಮೇಲೆ ಸಂಜೆ ವಾರ್ತೆ ನೋಡುವಾಗ ಮೊರ ಮುಂದೆ ಇಟ್ಟುಕೊಂಡು ಸೊಪ್ಪು ಬಿಡಿಸಲು ಕೂತರು. ಈಗ ಅದು ಅವರ ಕೆಲಸ. ದಂಟು, ಹರಿವೆ, ಕೀರೆ, ಗಣಿಕೆ, ಹೊನಗೊನೆ ಅಂತ ಎಲೆ ನೋಡಿ ಹೆಸರು ಹೇಳುತ್ತಾರೆ. ಊರಲ್ಲಿ ಹೊಲದ ಬದುವಿನಲ್ಲಿ ಕಿತ್ತು ತರುತ್ತಿದ್ದ ಬೆರಕೆ ಸೊಪ್ಪಿನ ಕಥೆ ಬೇರೆ. ಗಾಡಿಯಲ್ಲಿ ಸೊಪ್ಪು ತರುವ ಅಮ್ಮನ ಹತ್ತಿರ ನನಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾರೆ. ಕಾಳು ನೆನೆಹಾಕುವುದು ಮಗನ ಪಾಲಿಗೆ. ರಾತ್ರಿ ಹಲ್ಲುಜ್ಜುವ ಮುಂಚೆ ಒಂದು ಪಾವು ಕಾಳು ತೊಳೆದು ನೀರು ಹಾಕಬೇಕು. ಮರೆತರೆ ಮಾರನೇ ದಿನ ಅವನೇ ಅಜ್ಜಿಗೆ ಲೆಕ್ಕ ಒಪ್ಪಿಸಬೇಕು. ಅದಕ್ಕಿಂತ ನೆನೆಹಾಕುವುದೇ ಸುಲಭ.

ಬಸ್ಸಾರಿನ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಒಂದೇ ಕುದಿಯಲ್ಲಿ ಸಾರೂ ಪಲ್ಯವೂ ಆಗುವ ಅಡುಗೆ ಇದು. ಹೆಸರುಕಾಳು ಅಥವಾ ಅಲಸಂದೆಕಾಳನ್ನು ಮುಕ್ಕಾಲು ಬೇಯಿಸಿ, ಮೇಲೆ ಹೆಚ್ಚಿದ ಸೊಪ್ಪು ಹಾಕಿ, ಉಪ್ಪು ಹಾಕಿ ಇನ್ನೊಂದು ಕುದಿ. ಸೊಪ್ಪು ಹಸಿರು ಕಳೆದುಕೊಳ್ಳುವ ಮುಂಚೆ ಇಳಿಸಿ ಬಸಿಯಬೇಕು. ಬಸಿದ ನೀರು ಬೇರೆ, ಕಾಳು ಸೊಪ್ಪು ಬೇರೆ. ಆ ಕಾಳು ಸೊಪ್ಪಿನಿಂದಲೇ ಒಂದು ಸೌಟು ತೆಗೆದು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಕಾಯಿ, ಹುಣಸೆಹಣ್ಣಿನ ಜೊತೆ ನುಣ್ಣಗೆ ರುಬ್ಬಿ ಬಸಿದ ನೀರಿಗೆ ಬೆರೆಸಿ ಕುದಿಸಬೇಕು. ಸಾರಿಗೆ ಮೈ ಬರುವುದು ಆ ಒಂದು ಸೌಟಿನಿಂದ. ಈರುಳ್ಳಿಯನ್ನು ಗ್ಯಾಸ್ ಉರಿಯ ಮೇಲೆ ನೇರವಾಗಿ ಇಟ್ಟು, ಹೊರಗಿನ ಸಿಪ್ಪೆ ಕರಿಯಾಗುವ ತನಕ ಸುಡಿ. ಎಣ್ಣೆಯಲ್ಲಿ ಹುರಿದ ಈರುಳ್ಳಿಯದು ಬೇರೆ ರುಚಿ. ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ. ಬಿಸಿ ಮುದ್ದೆ. ಪಕ್ಕಕ್ಕೆ ಹಸಿ ಈರುಳ್ಳಿ, ನಿಂಬೆಹಣ್ಣು. ಈ ಊಟದ ಮೇಲೆ "ಏನೂ ಇಲ್ವಾ" ಅಂದವರನ್ನು ನಾನಿನ್ನೂ ಕಂಡಿಲ್ಲ. ಮಾರನೇ ದಿನ ಉಳಿದ ಸಾರು ಇನ್ನೂ ರುಚಿ.

ಮಗನಿಗೆ ಹತ್ತೊಂಬತ್ತು. ಜಿಮ್‌ಗೆ ಹೋಗುತ್ತಾನೆ. ಅಲ್ಲಿ ಹೇಳಿಕೊಟ್ಟಿರುವುದು ಒಂದೇ ಮಂತ್ರ, ಚಿಕನ್ ಬ್ರೆಸ್ಟ್. ಅವನ ಜೊತೆ ವಾದ ಮಾಡುವ ಬದಲು ಒಂದು ಸಂಜೆ ತಕ್ಕಡಿ ತೆಗೆದು ಕೂತೆವು. ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ (ಐಸಿಎಂಆರ್) 2020ರ ಲೆಕ್ಕ. ಅಂದರೆ 65 ಕೆ.ಜಿ. ಗಂಡಸಿಗೆ 54 ಗ್ರಾಂ. ಕಬ್ಬಿಣ ಎತ್ತುವವನಿಗೆ ಅದಕ್ಕಿಂತ ಜಾಸ್ತಿಯೇ ಬೇಕು, ಒಪ್ಪಿಕೊಂಡೆ. ಹುರುಳಿ, ತೊಗರಿ ಬೇಳೆಯಂಥವುಗಳಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ. ಕಡಲೆಬೀಜದಲ್ಲೂ ಹೆಚ್ಚುಕಡಿಮೆ ಅಷ್ಟೇ, ಆದರೆ ಎಣ್ಣೆ ಜಾಸ್ತಿ. ಒಂದು ಮೊಟ್ಟೆಗೆ 6. ಸೋಯಾ ಉಂಡೆಯಲ್ಲಿ 100ಕ್ಕೆ 50ರ ಮೇಲೆ. ಆದರೆ ಇದೆಲ್ಲ ಒಣ ಕಾಳಿನ ಲೆಕ್ಕ, ಬೆಂದ ಮೇಲೆ ನೀರು ಕುಡಿದು ತೂಕ ಹೆಚ್ಚುತ್ತದೆ, ಬಟ್ಟಲಿನಲ್ಲಿ ಅಷ್ಟೊಂದು ಇರುವುದಿಲ್ಲ. ತೆಳ್ಳಗಿನ ತಿಳಿಸಾರು ಕುಡಿದು ಪ್ರೋಟೀನ್ ಬಂತು ಅಂದುಕೊಳ್ಳುವುದು ಸುಳ್ಳು ಸಮಾಧಾನ. ಸಾರಿನಲ್ಲಿ ಕಾಳು ಕೈಗೆ ಸಿಗಬೇಕು. ಈ ಲೆಕ್ಕ ಅವನೇ ಹಾಕಿದ್ದರಿಂದ ಅವನೇ ನಂಬಿದ. ಈಗ ಬೆಳಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಗಟ್ಟಿ ಕಾಳು, ಸಂಜೆ ಬೇಯಿಸಿದ ಕಡಲೆಕಾಯಿ, ರಾತ್ರಿ ಮೊಸರು ಅಂತ ಏನೋ ಒಂದು ಜೋಡಿಸಿಕೊಂಡಿದ್ದಾನೆ. ವಾರದಲ್ಲಿ ಎರಡು ದಿನ ಅವನಿಗೆ ಕೋಳಿಯೂ ಉಂಟು.

ಸೋಯಾ ಉಂಡೆಯ ಬಗ್ಗೆ ಮನೆಯಲ್ಲಿ ಎರಡು ಪಕ್ಷ. ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಹಿಂಡಿ, ಚಾಪ್ಸ್ ಮಸಾಲೆಯಲ್ಲಿ ಹುರಿದರೆ ಮಗನಿಗೆ ಆಗುತ್ತದೆ. ಅತ್ತೆ ಒಂದು ಅಗಿದು ಪಕ್ಕಕ್ಕಿಟ್ಟರು. "ಸ್ಪಂಜು" ಅಂದರು. ನನ್ನ ಮತ ಅತ್ತೆಗೆ. ಮಾಂಸದ ವೇಷ ಹಾಕಿದ ತಿಂಡಿಗಳು ನಮ್ಮಂಥ ಮನೆಗೆ ಬೇಡ, ಏಕೆಂದರೆ ಅಸಲಿಯ ರುಚಿ ಗೊತ್ತಿರುವವರ ಮುಂದೆ ನಕಲಿ ನಿಲ್ಲುವುದಿಲ್ಲ. ಗೆಲ್ಲುವುದು ತನ್ನ ರುಚಿಯಲ್ಲೇ ಬರುವ ಅಡುಗೆ. ಸುವರ್ಣಗಡ್ಡೆಯನ್ನು ಹುಣಸೆ ನೀರಿನಲ್ಲಿ ಬೇಯಿಸಿ, ಖಾರ ಹಚ್ಚಿ, ಕಾವಲಿಯ ಮೇಲೆ ಕೆಂಪಗೆ ಸುಟ್ಟರೆ ಅದು ಮೀನು ಅಂತ ಹೇಳಿಕೊಳ್ಳಬೇಕಾಗಿಲ್ಲ. ಗಡ್ಡೆ ಅಂತಲೇ ಮಾಯವಾಗುತ್ತದೆ.

ಯೂರಿಕ್ ಆಸಿಡ್ ಇದ್ದವರು ಬೇಳೆಕಾಳು ತಿನ್ನಬಾರದು ಅನ್ನುವ ಮಾತು ನೆಂಟರ ಬಾಯಲ್ಲಿ ಓಡಾಡುತ್ತಿತ್ತು. ಬಾಡೂ ಬೇಡ, ಕಾಳೂ ಬೇಡ ಅಂದರೆ ಇವರು ತಿನ್ನುವುದೇನು? ಅನ್ನ, ಉಪ್ಪಿನಕಾಯಿಯೇ? 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿದ್ದರು. ಮಾಂಸ, ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ. ಮೈಯಲ್ಲಿ ಯೂರಿಕ್ ಆಸಿಡ್ ಆಗಿ ಬದಲಾಗುವ ಪ್ಯೂರಿನ್ ಅನ್ನುವ ಅಂಶ ಜಾಸ್ತಿ ಇರುವ ತರಕಾರಿ ಕಾಳು ತಿಂದವರಿಗೆ ಜಾಸ್ತಿಯಾಗಿರಲಿಲ್ಲ. ಹಾಲು, ಮೊಸರು ತಿಂದವರಿಗೆ ಕಡಿಮೆಯೇ ಇತ್ತು. ಇದನ್ನು ಡಾಕ್ಟರ ಹತ್ತಿರ ಕೇಳಿದಾಗ ಅವರೂ ಕಾಳಿಗೆ ಅಡ್ಡಿಯಿಲ್ಲ ಅಂದರು. ಪ್ರತಿಯೊಬ್ಬರ ದೇಹ ಬೇರೆ, ನಿಮ್ಮ ಡಾಕ್ಟರನ್ನು ನೀವು ಕೇಳಿ. ನೆಂಟರನ್ನು ಮಾತ್ರ ಕೇಳಬೇಡಿ.

ಇನ್ನೊಂದು ಕಡೆಯೂ ನೋಡಬೇಕು. ಬಿ12 ವಿಟಮಿನ್ ಸೊಪ್ಪಿನಲ್ಲೂ ಇಲ್ಲ, ಕಾಳಿನಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಅತ್ತೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಆ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಯುವುದುಂಟು. ಅದಕ್ಕೆ ಅವರ ತಟ್ಟೆಯಿಂದ ಮೊಟ್ಟೆ ತೆಗೆಯುವ ಮಾತೇ ಇಲ್ಲ. ಕಬ್ಬಿಣದ ಅಂಶವೂ ಹಾಗೆಯೇ. ಸೊಪ್ಪಿನದು ಮಾಂಸದಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ, ಊಟವಾದ ತಕ್ಷಣ ಕಾಫಿ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ. ನಿಂಬೆಹಣ್ಣು ನಮಗೆ ರೂಢಿಯೇ. ಕಾಫಿಯನ್ನು ಒಂದು ಗಂಟೆ ಮುಂದೂಡುವುದೇ ದೊಡ್ಡ ತ್ಯಾಗವಾಯಿತು. ರಾಗಿ ಇರುವುದರಿಂದ ಕ್ಯಾಲ್ಸಿಯಂ ಚಿಂತೆಯಿಲ್ಲ, 100 ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಸುತ್ತಮುತ್ತ. ಹಾಲಿನ ಸುಮಾರು ಮೂರರಷ್ಟು.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರತಂದರು. 2,000 ಕ್ಯಾಲರಿಯ ದಿನಕ್ಕೆ 400 ಗ್ರಾಂ ಸೊಪ್ಪು ತರಕಾರಿ ಅಂತ ಅದರಲ್ಲಿದೆ. ಅಷ್ಟು ತೂಗಿ ತಟ್ಟೆಯಲ್ಲಿಟ್ಟು ನೋಡಿದಾಗ ಗಾಬರಿಯಾಯಿತು. ಕೋಳಿ ಮಾಡುವ ದಿನ ನಮ್ಮ ಮನೆಯಲ್ಲಿ ತರಕಾರಿ ಅಂದರೆ ಈರುಳ್ಳಿ, ಟೊಮೊಟೊ, ಎರಡು ಹೋಳು ಸೌತೆಕಾಯಿ. ಕೋಳಿಯ ತೊಂದರೆ ಕೋಳಿಯಲ್ಲಿ ಅಷ್ಟಿಲ್ಲ. ಅದು ಬಂದ ದಿನ ಬೇರೆ ಯಾರಿಗೂ ಜಾಗ ಬಿಡುವುದಿಲ್ಲ, ಅದೇ ತೊಂದರೆ. ಹಾಗಾಗಿ ಬಾಡಿನ ದಿನವೂ ಒಂದು ಪಲ್ಯ ಕಡ್ಡಾಯ ಮಾಡಿದ್ದೇನೆ. ಮಟನ್ ಸಾರಿಗೆ ಮೊದಲಿನ ಹಾಗೆ ಅವರೆಕಾಳು ಅಥವಾ ಆಲೂಗಡ್ಡೆ ಸೇರಿಸುತ್ತೇನೆ. ಒಂದು ಕೆ.ಜಿ. ತರುತ್ತಿದ್ದವರು ಮುಕ್ಕಾಲು ತರುತ್ತೇವೆ. ಸಾರಿನ ರುಚಿಗೆ ಏನೂ ಕಡಿಮೆಯಾಗಿಲ್ಲ.

ಇಷ್ಟು ಮನೆಯೊಳಗಿನ ಮಾತು. ಹೊರಗೆ ಇದನ್ನು ಹೇಳುವುದು ಮಾತ್ರ ಕಷ್ಟ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬರು, ಒಳ್ಳೆಯವರೇ, "ಕಡಿಮೆ ಮಾಡಿದ್ರಾ? ತುಂಬಾ ಒಳ್ಳೇದು, ಹಾಗೇ ಬಿಟ್ಟುಬಿಡಿ, ಮನಸ್ಸು ಶುದ್ಧವಾಗುತ್ತೆ" ಅಂದರು. ನನಗೆ ಕಿರಿಕಿರಿಯಾಯಿತು. ನಮ್ಮ ಮನಸ್ಸು ಮೊದಲೂ ಶುದ್ಧವಾಗಿಯೇ ಇತ್ತು. ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆ ಅನ್ನುವ ಬೋರ್ಡ್ ನೋಡಿ ಗೇಟಿನಿಂದಲೇ ವಾಪಸ್ ಬಂದವರು ನಾವು. ಕೇಂದ್ರ ಸರ್ಕಾರದ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದು ದಾಟಿದವರ ಪೈಕಿ ನೂರಕ್ಕೆ ಸುಮಾರು 79 ಜನ ಮಾಂಸಾಹಾರಿಗಳು. ಆದರೂ ಬಾಡು ತಿನ್ನುವವರೇ ತಲೆ ತಗ್ಗಿಸಿ ಮಾತಾಡಬೇಕು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೇ ಬೇಕು ಅಂತ ಜನ ಪಟ್ಟು ಹಿಡಿದದ್ದು ನಾಲಿಗೆ ಚಪಲಕ್ಕಲ್ಲ. ನಮ್ಮ ಊಟಕ್ಕೂ ಪಂಕ್ತಿಯಲ್ಲಿ ಜಾಗ ಇರಲಿ ಅಂತ. ಆ ಜಗಳದಲ್ಲಿ ನಾನು ಬಾಡಿನ ಕಡೆಯೇ. ಅದೇ ವಾರ ಮನೆಯಲ್ಲಿ ನಾಲ್ಕು ದಿನ ಸೊಪ್ಪು ಕಾಳು ತಿಂದಿದ್ದೆವು ಅನ್ನುವುದಕ್ಕೂ ಇದಕ್ಕೂ ವಿರೋಧವಿದೆ ಅಂತ ನನಗೆ ಅನ್ನಿಸುವುದಿಲ್ಲ.

ಶಾಲೆಯ ಊಟದಲ್ಲಿ ಮೊಟ್ಟೆ ಕೊಡಬೇಕೇ ಬೇಡವೇ ಅನ್ನುವ ಗಲಾಟೆ ಎದ್ದಾಗಲೂ ಅಷ್ಟೇ. ಹೊಟ್ಟೆತುಂಬ ಇರುವವರು ತಮ್ಮ ತಟ್ಟೆಯಿಂದ ಏನನ್ನಾದರೂ ತೆಗೆಯಬಹುದು. ಇಲ್ಲದ ಮಗುವಿನ ತಟ್ಟೆಯಿಂದ ತೆಗೆಯುವ ಹಕ್ಕು ಯಾರಿಗೂ ಇಲ್ಲ. ನಾವು ಕೋಳಿ ಕಡಿಮೆ ಮಾಡಿದ್ದು ನಮಗೆ ಜಾಸ್ತಿಯಾಗಿತ್ತು ಅಂತ. ಅದನ್ನು ಬೇರೆಯವರಿಗೆ ಉಪದೇಶ ಮಾಡಲು ಹೊರಟರೆ "ಆಗ ತಿನ್ನಾಕೆ ಇರ್ಲಿಲ್ಲ" ಅನ್ನುವ ಅತ್ತೆಯ ಮಾತು ನೆನಪಾಗಿ ಸುಮ್ಮನಾಗುತ್ತೇನೆ.

ಈಗಿನ ಸ್ಥಿತಿ ಹೀಗಿದೆ. ಭಾನುವಾರ ಬಾಡು, ಚರ್ಚೆಯಿಲ್ಲ. ಬುಧವಾರ ಹೆಚ್ಚಾಗಿ ಮೊಟ್ಟೆ ಸಾರು. ಸೋಮವಾರ, ಶನಿವಾರ ಮೊದಲಿನಂತೆ ದೇವರದು, ಆದರೆ ಊಟ ಮೊದಲಿನಂತೆ ಸಪ್ಪೆಯಲ್ಲ. ಮಂಗಳವಾರ, ಗುರುವಾರ ಕಾಳು ಸೊಪ್ಪಿನವು. ಶುಕ್ರವಾರ ರಾತ್ರಿ ಅಪ್ಪ ಮಗ ಸೇರಿ ಫೋನಿನಲ್ಲಿ ಕಬಾಬೋ ದೊನ್ನೆ ಬಿರಿಯಾನಿಯೋ ತರಿಸುತ್ತಾರೆ. ಅದಕ್ಕೆ ನಾನು ಕೈ ಹಾಕಿಲ್ಲ. ನೆಂಟರು ಬಂದರೆ ಈ ಲೆಕ್ಕವೆಲ್ಲ ಗಾಳಿಗೆ. ಮನೆಗೆ ಬಂದ ಬೀಗರಿಗೆ ಬಸ್ಸಾರು ಬಡಿಸಿದರೆ ಅವರು ಊರೆಲ್ಲ ಹೇಳಿಕೊಂಡು ಬರುತ್ತಾರೆ ಅನ್ನುವುದು ಅತ್ತೆಯ ಹೆದರಿಕೆ. ಹೇಳಿಕೊಂಡು ಬಂದರೆ ಬರಲಿ ಅನ್ನುವಷ್ಟು ಧೈರ್ಯ ನನಗೂ ಇನ್ನೂ ಬಂದಿಲ್ಲ. ಇವರ ಬೆರಳು ಆಮೇಲೆ ಅಷ್ಟಾಗಿ ಕಾಡಿಲ್ಲ, ಮಾತ್ರೆಯ ಪಾಲು ಎಷ್ಟು, ಸೊಪ್ಪಿನ ಪಾಲು ಎಷ್ಟು ಅಂತ ವಿಂಗಡಿಸಲು ನಾನು ಡಾಕ್ಟರಲ್ಲ.

ಮೊನ್ನೆ ಗಾಡಿಯಲ್ಲಿ ಈ ವರ್ಷದ ಮೊದಲ ಅವರೆಕಾಯಿ ಬಂತು. ಎಳಸು, ಕಾಳು ಇನ್ನೂ ತುಂಬಿಲ್ಲ, ಬೆಲೆ ಮಾತ್ರ ತುಂಬಿದೆ. ಇನ್ನೊಂದು ಹದಿನೈದು ದಿನ ತಡಿ ಅಂದರು ಅತ್ತೆ. ಆಮೇಲೆ ಒಂದು ಮೂಟೆಯನ್ನೇ ತರಿಸುತ್ತಾರಂತೆ. ಯಾರು ಬಿಡಿಸುವುದು ಅಂತ ಮಗ ಮೆಲ್ಲಗೆ ಕೇಳಿದ. "ನಿನ್ ಜಿಮ್ಮಿನ ಹುಡುಗ್ರನ್ನೂ ಕರ್ಕೊ ಬಾರ್ಲಾ, ಕೈಗೆ ಒಳ್ಳೆ ಕಸ್ರತ್ತು" ಅಂದರು.